ಹಾಸುಬಯಲಿನ ಮರ್ಯಾದೆ

ಕೊಳ್ಳೇಗಾಲ
ಭಾನುವಾರ, ೧೬ ನವೆಂಬರ್ ೨೦೨೫

ಪ್ರೀತಿಯ ತಮ್ಮ ದಿನೇಶನಿಗೆ,

ನಿನ್ನ ಅಕ್ಕ ವಿಜಯಮ್ಮನ ಆಶೀರ್ವಾದ. ನಾವಿಲ್ಲಿ ಕ್ಷೇಮ. ಕ್ಷೇಮ ಅಂದರೆ ಎದ್ದು ಓಡಾಡಿಕೊಂಡಿದ್ದೇವೆ, ಅಷ್ಟೇ. ನಿನ್ನ ಕೆಮ್ಮು ಹೇಗಿದೆ? ಪವರ್‌ಲೂಮ್ ಶೆಡ್ಡಿನ ಸದ್ದಿಗೆ ಎಡಗಿವಿ ಮಂದವಾಗಿದೆ ಎಂದು ನಿನ್ನ ಮಗಳು ಮೇಘನಾ ಹೇಳಿದಳು. ಕಿವಿಗೆ ಹತ್ತಿ ಇಟ್ಟುಕೊಂಡರೆ ಮೇಸ್ತ್ರಿ ನಗುತ್ತಾನೆ ಅಂದೆಯಂತೆ. ನಗಲಿ ಬಿಡು, ಹಲ್ಲು ಅವನದು, ಕಿವಿ ನಿನ್ನದು. ದೊಡ್ಡಬಳ್ಳಾಪುರದ ಚಳಿಗೆ ನಿನ್ನ ಹೆಂಡತಿಯ ಮಂಡಿನೋವು ಜಾಸ್ತಿಯಾಗಿರಬೇಕು. ರಾತ್ರಿ ಮಲಗುವಾಗ ಎಳ್ಳೆಣ್ಣೆ ಬಿಸಿ ಮಾಡಿ ನೀವಲು ಹೇಳು, ಮುಲಾಮು ಡಬ್ಬಿಗೆ ದುಡ್ಡು ಸುರಿಯುವುದು ಬೇಡ. ಹೊನ್ನೂರಿನ ಚಿಕ್ಕಮ್ಮ ಹೊಸ ಬೆಲ್ಲ ಕಳಿಸಿದ್ದಾರೆ. ನಿಮ್ಮ ಪಾಲನ್ನು ಇರುವೆ ಹತ್ತದ ಹಾಗೆ ನೀರಿನ ಬಟ್ಟಲೊಳಗೆ ಡಬ್ಬಿ ಇಟ್ಟು ಕಾದಿದ್ದೇನೆ. ಮೇಘನಾ ಕಾಲೇಜಿಗೆ ತಪ್ಪದೆ ಹೋಗುತ್ತಾಳೆ. ಹಗಲೂ ರಾತ್ರಿ ಫೋನು ನೋಡುತ್ತಾಳೆ, ಕೇಳಿದರೆ ಪುಸ್ತಕ ಅದರಲ್ಲೇ ಇದೆ ಅತ್ತೆ ಅನ್ನುತ್ತಾಳೆ. ನಾನು ನಂಬಿದ್ದೇನೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಮಾಡಿದೆನಲ್ಲ, ಹೋದ ವಾರ. ಬಯಲು ಅನ್ನುವ ಮಾತು ನನ್ನ ಬಾಯಿಂದ ಬಂದದ್ದೇ ತಡ, "ಆಮೇಕ್ ಮಾಡ್ತೀನಿ ಕಣಕ್ಕ" ಅಂತ ಇಟ್ಟೆ. ಆ "ಆಮೇಕ್" ಇನ್ನೂ ಬಂದಿಲ್ಲ. ಕಾಗದವನ್ನಾದರೆ ನೀನು ಅರ್ಧಕ್ಕೆ ಮಡಚಿ ಇಟ್ಟರೂ ಮತ್ತೆ ಎತ್ತಿ ಓದುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ಅದಕ್ಕೇ ಬರೆಯುತ್ತಿದ್ದೇನೆ. ಕೋಪ ಬಂದರೆ ಒಂದು ಲೋಟ ನೀರು ಕುಡಿದು ಮುಂದಕ್ಕೆ ಓದು.

ಸುದ್ದಿ ಇಷ್ಟು. ನಮ್ಮ ಬೀದಿಯ ಕೊನೆಯಲ್ಲಿರುವ ಹಾಸುಬಯಲು ಊರಿನ ಹೊಸ ನಕ್ಷೆಯಲ್ಲಿ ನೀಲಿಗೆ ತಿರುಗಿದೆ. ಹಳೆಯ ನಕ್ಷೆಯಲ್ಲಿ ಅದಕ್ಕೆ ಹಸಿರು ಬಣ್ಣ, ಅಂದರೆ ಬಯಲು ಬಯಲಾಗಿಯೇ ಇರಬೇಕು ಅಂತ. ನೀಲಿ ಅಂದರೆ ವ್ಯಾಪಾರ. ಅಲ್ಲಿ ಮಳಿಗೆ ಕಟ್ಟುವ ಪ್ರಸ್ತಾವ ಬಂದಿದೆ. ಕೆಳಗೆ ಗಾಡಿ ನಿಲ್ಲಿಸುವ ಜಾಗ, ಮೇಲೆ ಅಂಗಡಿ ಸಾಲು, ಅದರ ಮೇಲೆ ಮದುವೆ ಮಂಟಪ. ಕಟ್ಟಲು ಹೊರಟವರು ನಮ್ಮ ಶತ್ರುಗಳೇನಲ್ಲ. ಬಸ್ ನಿಲ್ದಾಣದ ಮಗ್ಗುಲಲ್ಲಿ ಕಾಲಿಡಲು ಜಾಗವಿಲ್ಲ, ಊರಿಗೆ ಮಳಿಗೆ ಬೇಕು, ಅದೂ ನಿಜವೇ. ಆದರೆ ನಮಗೆ ಹಾಸು ಚಾಚಲು ಬೇರೆ ಎಲ್ಲಿದೆ? ನಿನಗೆ ನಾನು ಹೇಳಬೇಕೆ, ನಮ್ಮ ಮನೆಗಳಿಗಿಂತ ನಮ್ಮ ಹಾಸು ಉದ್ದ. ರೇಷ್ಮೆ ಎಳೆಗಳನ್ನು ಗೂಟದಿಂದ ಗೂಟಕ್ಕೆ ಬಿಗಿಯಾಗಿ ಎಳೆದು ಕಟ್ಟಿ, ಗಂಜಿ ತೀಡಿ, ಕಡಿದ ಎಳೆ ಹುಡುಕಿ ಗಂಟು ಹಾಕಿ, ಬಿಸಿಲು ಚುರುಗುಟ್ಟುವ ಮೊದಲು ಸುತ್ತಿ ಒಳಗೆ ತಾರದೆ ಮಗ್ಗಕ್ಕೆ ಏನನ್ನು ಹೂಡುವುದು? ಬಯಲು ಹೋದರೆ ಗುಂಡಿಮಗ್ಗದ ಮೇಲೆ ಹಲಗೆ ಮುಚ್ಚಿ ಮಂಚ ಹಾಕಿಕೊಳ್ಳುವುದೇ ಉಳಿಯುವುದು.

ಆ ಬಯಲಿನ ಹೆಸರೆತ್ತಿದರೆ ನಿನಗೆ ಉರಿಯುತ್ತದೆ, ಬಲ್ಲೆ. ಮದುವೆಗೆ ಬಂದಿದ್ದ ಯಾವನೋ ನೆಂಟ ನಿನ್ನ ಹಾಸಿನ ನಡುವೆ ಬೈಕು ನುಗ್ಗಿಸಿ ಎಳೆಯೆಲ್ಲ ಕಡಿದ. ನೀನು ಅವನ ಕೊರಳಪಟ್ಟಿ ಹಿಡಿದೆ. ಬೀದಿಯ ಯಜಮಾನರಾದ ನಿನ್ನ ಭಾವ, ಬಂದವರ ಮುಂದೆ ಬೀದಿಯ ಮರ್ಯಾದೆ ಹೋಗುತ್ತದೆಂದು, ನಿನ್ನ ಕೈಯಿಂದಲೇ ಅವನಿಗೆ ಕೈ ಮುಗಿಸಿದರು. ಕಡಿದದ್ದು ನಿನ್ನ ಹಾಸು, ಕೈ ಮುಗಿದವನೂ ನೀನು. ಅವತ್ತೂ ನಾನು ನಿನ್ನ ಕಡೆ, ಇವತ್ತೂ ನಿನ್ನ ಕಡೆಯೇ. "ಇನ್ ಈ ಬಯ್ಲಿಗ ಕಾಲಿಕ್ಕಲ್ಲ" ಅಂತ ಗೂಟ ಕಿತ್ತೆಸೆದು, ಮನೆಗೆ ಬೀಗ ಹಾಕಿ, ಮಗಳನ್ನು ನನ್ನ ಬಳಿ ಬಿಟ್ಟು ನೀನು ಹೋಗಿ ಎರಡು ವರ್ಷವಾಯಿತು. ನಿನ್ನ ಭಾವ ಅವತ್ತಿನಿಂದ ನಿನ್ನ ಹೆಸರು ಹೇಳಿಲ್ಲ. ಹೇಳಲೇಬೇಕಾದರೆ "ಮೇಘನಾಳಪ್ಪ" ಅನ್ನುತ್ತಾರೆ. ನಾನೂ ಕೇಳಿ ಕೇಳಿ ಅಭ್ಯಾಸ ಮಾಡಿಕೊಂಡೆ.

ನಕ್ಷೆಯ ವಿಷಯ ಮೊದಲು ಕಂಡದ್ದು ಮೇಘನಾಗೆ. ಪೇಪರಿನ ಒಳಪುಟದಲ್ಲಿ ಇರುವೆಯಂಥ ಅಕ್ಷರದಲ್ಲಿ ಪ್ರಕಟಣೆ ಹಾಕಿದ್ದರು. ಊರಿನ ಕರಡು ನಕ್ಷೆ ಪ್ಲಾನಿಂಗ್ ಆಫೀಸಿನಲ್ಲಿದೆ, ನೋಡಬಹುದು, ಆಕ್ಷೇಪಣೆ ಇದ್ದವರು ಗಡುವಿನೊಳಗೆ ಬರೆದು ಕೊಡಬಹುದು ಅಂತ. ನಾನೂ ಅವಳೂ ಹೋದೆವು. ನಕ್ಷೆ ಗೋಡೆಯ ತುಂಬ ಇತ್ತು ಕಣೋ. ಹಳದಿ ಮನೆಗಳು, ನೀಲಿ ಅಂಗಡಿ, ಕೆಂಪು ಶಾಲೆ ಆಸ್ಪತ್ರೆ, ಸುತ್ತ ತಿಳಿಹಸಿರು ಹೊಲ ಗದ್ದೆ. ನಮ್ಮ ಬೀದಿಯನ್ನು ಹುಡುಕಲು ಸುಮಾರು ಹೊತ್ತು ಬೇಕಾಯಿತು. ಅರವತ್ತು ವರ್ಷ ಬದುಕಿದ ಬೀದಿ ಅಲ್ಲಿ ನನ್ನ ಕಿರುಬೆರಳಷ್ಟಿತ್ತು. ಅದರ ತುದಿಗೆ ಒಂದು ನೀಲಿ ಚೌಕ. ಗುಮಾಸ್ತ ಒಳ್ಳೆಯ ಹುಡುಗ. ನಕ್ಷೆಯಲ್ಲಿ ಬಣ್ಣ ಬಿದ್ದ ಮಾತ್ರಕ್ಕೆ ಆಗಿಹೋಯಿತು ಅಂತಲ್ಲಮ್ಮ, ಬರೆದುಕೊಡಿ, ಸ್ಥಳ ನೋಡಲು ಬರುತ್ತಾರೆ, ಆಮೇಲೆ ಎಲ್ಲರನ್ನೂ ಕರೆದು ವಿಚಾರಣೆ ಮಾಡುತ್ತಾರೆ, ಅದಾದ ಮೇಲೆ ತೀರ್ಮಾನ ಅಂದ. ಊರನ್ನು ಹೀಗೆ ನೋಡಿ, ಕೇಳಿ, ಅಳೆದು ಕಟ್ಟುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಯಾರಿಗೆ ತಾಕತ್ತಿದೆಯೋ ಅವರು ಕಟ್ಟುತ್ತಾರೆ ಅಂದುಕೊಂಡಿದ್ದೆ.

ಮೇಘನಾ ಅಚ್ಚುಕಟ್ಟಾಗಿ ಬರೆದಳು. ಬಯಲಿನಲ್ಲಿ ತಲೆಮಾರುಗಳಿಂದ ಹಾಸು ಚಾಚುತ್ತಿದ್ದೇವೆ, ದಿನಬೆಳಗಾದರೆ ಅಲ್ಲಿ ಕೆಲಸ ನಡೆಯುತ್ತದೆ, ಅದನ್ನು ಹಸಿರಾಗಿಯೇ ಬಿಡಬೇಕು ಅಂತ. ಕೆಳಗೆ ಬೀದಿಯವರ ಸಹಿ. ಹೂ ಮಾರುವ ಶಿವನಂಜಮ್ಮ ಮಾತ್ರ ಸಹಿ ಹಾಕಲಿಲ್ಲ. "ಅಂಗ್ಡಿ ಬಂದ್ರ ನಂಗೂ ವಸಿ ನೆಳ್ಳಾಯ್ತದ ಕಣಕ್ಕ, ಬಿಸ್ಲಲ್ಲಿ ಕುಂತು ಕುಂತು ಸಾಕಾಯ್ತು" ಅಂದಳು. ಅವಳದ್ದೇನು ತಪ್ಪು ಹೇಳು. ನಾನು ಬಲವಂತ ಮಾಡಲಿಲ್ಲ.

ಇನ್ನು ಮುಂದಿನದನ್ನು ಬರೆಯಲು ನನಗೆ ನಾಚಿಕೆ. ಆದರೂ ನಿನಗೆ ಗೊತ್ತಾಗಬೇಕು. ಸ್ಥಳ ಪರಿಶೀಲನೆಗೆ ಬರುತ್ತೇವೆ, ಮಂಗಳವಾರ ಹನ್ನೊಂದು ಗಂಟೆಗೆ ಅಂತ ನೋಟಿಸು ಬಂತು. ನಿನ್ನ ಭಾವ ಸೋಮವಾರ ಸಂಜೆಯೇ ಬೀದಿಯವರನ್ನೆಲ್ಲ ಜಗುಲಿಗೆ ಕರೆದರು. "ಸರ್ಕಾರ ನಮ್ ಬೀದಿಗ ಬತ್ತಾ ಅದ. ಹಾಸ್ ಚಾಚ್ಕಂಡು ನಿಂತಿದ್ರ ಅವ್ರು ಎಲ್ ಕಾಲ್ ಮಡಗಾರು? ದಾರಿ ಬುಡ್ಬೇಕು ಕಣ್ರಪ್ಪ" ಅಂದರು. ಯಾರೂ ಎದುರಾಡಲಿಲ್ಲ. ಏಕೆ ಆಡುತ್ತಾರೆ? ಚಾಚಿದ ಹಾಸನ್ನು ಯಾರೂ ದಾಟಬಾರದು, ಹಾಗೆಂದು ಬಂದವರನ್ನು ಬಳಸಿಕೊಂಡು ಹೋಗಿ ಅನ್ನಲೂಬಾರದು. ಮದುವಣಗಿತ್ತಿ ಬಂದರೆ, ಚೌಡಮ್ಮನ ಉತ್ಸವ ಬಂದರೆ, ದೊಡ್ಡವರು ಬಂದರೆ ನಾವೇ ಹಾಸು ಸುತ್ತಿ ದಾರಿ ಕೊಡಬೇಕು. ನಾವು ಹುಟ್ಟಿದಾಗಿನಿಂದ ಕಲಿತದ್ದು ಅದನ್ನೇ. ನನಗೂ ಅದು ಸರಿ ಅನಿಸಿತು ನೋಡು, ಆಗ.

ಅವತ್ತು ಬೆಳಿಗ್ಗೆ ಪಕ್ಕದ ಮನೆ ಮಹದೇವುವಿನ ಹಾಸು ಬಯಲಿನ ಉದ್ದಕ್ಕೂ ಚಾಚಿತ್ತು. ಕುಂಕುಮ ಬಣ್ಣ, ಬಿಸಿಲು ಬಿದ್ದು ನಿಗಿನಿಗಿ ಅನ್ನುತ್ತಿತ್ತು. ಗಂಜಿ ಒಣಗುವ ಮೊದಲೇ ಅದನ್ನು ಸುತ್ತಿಸಿದರು. ಜೀಪು ಒಳಗೆ ಬರಲಿ ಎಂದು ಗೂಟಗಳನ್ನೂ ಕಿತ್ತರು. ಕಸ ಗುಡಿಸಿ ನೀರು ಚಿಮುಕಿಸಿದರು. ಶಾಮಿಯಾನ ಬಂತು, ಕೆಂಪು ಕುರ್ಚಿ ಬಂದವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುತ್ತಾರಲ್ಲ, ಹಾಗೆ. ಮೇಘನಾ ಬಯಲಿನ ನಟ್ಟನಡುವೆ ದೊಡ್ಡ ನವಿಲಿನ ರಂಗೋಲಿ ಬಿಟ್ಟಳು. ನಾನು ದ್ರಾಕ್ಷಿ ಗೋಡಂಬಿ ಹಾಕಿ ಕೇಸರಿಬಾತು ಮಾಡಿದೆ. ಆದ್ದರಿಂದ ನಿನ್ನ ಭಾವನೊಬ್ಬರನ್ನೇ ಬಯ್ಯಲು ನನಗೆ ಬಾಯಿಲ್ಲ.

ಬಂದವರು ಇನ್ಸ್‌ಪೆಕ್ಟರೊಬ್ಬರು, ಅವರ ಜೊತೆ ಅಳತೆಪಟ್ಟಿ ಹಿಡಿದ ಇಬ್ಬರು. ಮೃದು ಸ್ವಭಾವದ ಮನುಷ್ಯ. ನಿನ್ನ ಭಾವ ಶಾಲು ಹೊದಿಸಿದರು, ಎಳನೀರು ಕೊಟ್ಟರು. ಅವರು ಸುತ್ತ ನೋಡಿ "ಇಲ್ಲಿ ಏನು ಕೆಲಸ ನಡೆಯುತ್ತೆ ಯಜಮಾನರೇ?" ಎಂದು ಕೇಳಿದರು. ಬಾಯಿ ಬಿಟ್ಟು ಹೇಳಬೇಕಾದ ಹೊತ್ತು ಅದೇ. ನಿನ್ನ ಭಾವ ಕೈ ಕಟ್ಟಿಕೊಂಡು "ತಾವ್ ಬಂದ್ರಲ್ಲಾ ಸಾ, ಅದೇ ನಮ್ಗ ಸಂತೋಸ" ಅಂದರು. ಅವರು ನಕ್ಕರು, ಅಳೆಸಿದರು, ಫೋಟೋ ತೆಗೆದರು, ಕೇಸರಿಬಾತು ಚೆನ್ನಾಗಿದೆ ಅಂದು ಹೊರಟುಹೋದರು. ಬೀದಿಯವರೆಲ್ಲ ಸಂಜೆಯವರೆಗೂ ಕಾರ್ಯ ಗೆದ್ದೆವೆಂದು ಹಿಗ್ಗಿದ್ದೇ ಹಿಗ್ಗಿದ್ದು.

ಹತ್ತು ದಿನ ಬಿಟ್ಟು ಮೇಘನಾ ಆ ವರದಿಯ ನಕಲು ತಂದಳು. "ಸದರಿ ಸ್ಥಳವು ಸಮತಟ್ಟಾಗಿದ್ದು, ಖಾಲಿ ಇರುತ್ತದೆ. ಯಾವುದೇ ಬಳಕೆ ಕಂಡುಬಂದಿರುವುದಿಲ್ಲ. ಸ್ಥಳೀಯರು ಉತ್ತಮ ಸಹಕಾರ ನೀಡಿರುತ್ತಾರೆ." ಕೆಳಗೆ ಫೋಟೋ. ಚೊಕ್ಕ ಗುಡಿಸಿದ ಬಯಲು, ಅದರ ನಡುವೆ ಗರಿ ಬಿಚ್ಚಿದ ನವಿಲು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆವು ಕಣೋ. ಮೊದಲು ನನಗೆ ನಗು ಬಂತು. ಆಮೇಲೆ ನಿನ್ನ ಭಾವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂದು, "ನೋಡಕ್ ಬಂದೋರ್ಗ ನೋಡ್ಬೇಕಾದ್ದನ್ನೇ ಮುಚ್ಚಿ ಮಡಗಿದ್ರಲ್ಲಾ, ಏನ್ ಯಜಮಾನ್ಕೆ ಇದು" ಅಂದುಬಿಟ್ಟೆ. ಅವರು ಆ ರಾತ್ರಿ ಊಟ ಮಾಡಲಿಲ್ಲ. ವರದಿಯನ್ನು ಎರಡು ಸಲ ಓದಿಸಿಕೊಂಡು, "ಅವ್ರು ಸುಳ್ ಬರ್ದಿಲ್ಲ ಬುಡು" ಅಂದರು.

ವಿಚಾರಣೆ ಹೋದ ಬುಧವಾರ ನಡೆಯಿತು. ಒಂದು ಉದ್ದದ ಹಾಲ್, ಮೇಜಿನ ಹಿಂದೆ ಐದು ಜನ. ನಡುವೆ ಕೂತವರು ಲಿಖಿತಾ ಮೇಡಂ, ಪ್ಲಾನಿಂಗ್ ಆಫೀಸಿನ ಹಿರಿಯ ಅಧಿಕಾರಿ. ಹಿರಿಯ ಅನ್ನುವುದು ಹುದ್ದೆ, ವಯಸ್ಸು ನಿನ್ನ ಮಗಳಿಗಿಂತ ಹತ್ತು ಹನ್ನೆರಡು ವರ್ಷ ಹೆಚ್ಚಿರಬಹುದು. ಉಟ್ಟಿದ್ದು ಕಾಟನ್ ಸೀರೆ, ಕೈಮಗ್ಗದ್ದಲ್ಲ, ಬಾಗಿಲಿನಿಂದಲೇ ಗೊತ್ತಾಯಿತು. ನಮ್ಮ ಸರದಿ ಬರುವವರೆಗೂ ಬೇರೆಯವರದ್ದನ್ನು ಕೇಳುತ್ತಾ ಕೂತೆವು. ಹೊತ್ತು ಹೋದದ್ದು ತಿಳಿಯಲಿಲ್ಲ. ಧನಗೆರೆಯ ಪ್ರಭುಸ್ವಾಮಿ ಅನ್ನುವವರು ತೆಂಗಿನ ತೋಟವನ್ನು ಹಳದಿ ಮಾಡಿಕೊಡಿ, ಸೈಟು ಮಾಡುತ್ತೇನೆ ಅಂತ ಬಂದಿದ್ದರು. ದೊಡ್ಡ ಕುಳ, ಬಿಳಿ ಬಟ್ಟೆ, ವಿಭೂತಿ. ಅವರ ಹಿಂದಿನ ಗದ್ದೆಯವನೊಬ್ಬ ಮುಳ್ಳೂರಿನಿಂದ ಬಂದಿದ್ದ. "ಇವ್ರು ಸೈಟ್ ಮಾಡ್ಕಳ್ಳಿ ತಾಯಿ, ನನ್ ಗದ್ದಗ ನೀರ್ ಎಲ್ಲಿಂದ್ ಬಂದದು?" ಅಂತ ಅವನದು ಒಂದೇ ಮಾತು. ಮೇಡಂ ಇಬ್ಬರನ್ನೂ ನಕ್ಷೆಯ ಹತ್ತಿರ ಕರೆದರು. ಕಾಲುವೆ ಎಲ್ಲಿ ಹೋಗುತ್ತದೆ ಬೆರಳಿಟ್ಟು ತೋರಿಸಿ ಅಂದರು. ಪ್ರಭುಸ್ವಾಮಿಯವರ ಬೆರಳು ಅವರ ತೋಟದ ಮೇಲೆಯೇ ಹೋಯಿತು. ಕಾಲುವೆಗೆ ಜಾಗ ಬಿಟ್ಟು, ರಸ್ತೆ ಅಗಲ ತೋರಿಸಿ, ಹೊಸ ನಕ್ಷೆ ತನ್ನಿ, ಆಮೇಲೆ ನೋಡೋಣ ಅಂದರು. ಜೋರು ಮಾತಿಲ್ಲ, ಮುಲಾಜಿಲ್ಲ. ಅವರಿಗೆ ಬೇಕಾದ್ದು, ಈಗ ಅಲ್ಲಿ ಏನಿದೆ, ಅದು ಹೋದರೆ ಯಾರಿಗೆ ಏನಾಗುತ್ತದೆ, ಅಷ್ಟೇ. ಇಂಥ ಕಡೆ ನಮ್ಮ ಫೋಟೋ ಇಟ್ಟುಕೊಂಡು ಹೋಗಿದ್ದೇವಲ್ಲ ಅಂತ ನಾನು ವರದಿಯ ನಕಲನ್ನು ಇನ್ನೂ ಸಣ್ಣಗೆ ಮಡಚಿ ಸೆರಗಿನೊಳಗೆ ಇಟ್ಟುಕೊಂಡೆ.

ನಮ್ಮ ಕಡತ ತೆಗೆದರು. "ದೇವಣ್ಣನವರೇ, ದಿನಾ ಹಾಸು ಚಾಚ್ತೀವಿ ಅಂತ ಬರೆದಿದ್ದೀರಿ. ಫೋಟೋದಲ್ಲಿ ರಂಗೋಲಿ ಇದೆಯಲ್ಲ?" ಅಂದರು. ನಿನ್ನ ಭಾವ ಎದ್ದು ನಿಂತರು. ಪಂಚೆ ಸರಿಮಾಡಿಕೊಂಡರು, ಹೆಗಲ ಮೇಲಿನ ಟವಲು ತೆಗೆದು ಕೈಗೆ ಸುತ್ತಿಕೊಂಡರು. "ಅದು ನೀವ್ ಬತ್ತೀರಿ ಅಂತ ಸುತ್ತಿದ್ದು ತಾಯಿ. ದೊಡ್ಡವ್ರು ಬರ್ವಾಗ ಹಾಸ್ ಬುಟ್ಕಂಡಿರಾದು ನಮ್ಮಲ್ಲಿಲ್ಲ" ಅಂದರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮೇಡಂ ನಗಲಿಲ್ಲ. "ನಾವು ನೋಡೋಕೆ ಬಂದಿದ್ದೇ ಆ ಹಾಸನ್ನ" ಅಂದರು. ನಿನ್ನ ಭಾವ ತಲೆ ತಗ್ಗಿಸಿದರು. ಎಷ್ಟು ಜನರ ಜಗಳ ಬಿಡಿಸಿದ ಮನುಷ್ಯ, ಅಲ್ಲಿ ಮಗುವಿನ ಹಾಗೆ ನಿಂತಿದ್ದನ್ನು ಕಂಡು ನನ್ನ ಕಣ್ಣು ತುಂಬಿತು. ಸುಳ್ಳೇಕೆ ಹೇಳಲಿ, ಸಿಟ್ಟೂ ಇತ್ತು, ಆದರೂ ತುಂಬಿತು.

ಆಗ ಮಳಿಗೆಯವರ ಕಡೆಯ ವಕೀಲರು ಎದ್ದರು. ಅವರದ್ದೂ ಮರ್ಯಾದೆಯ ಮಾತೇ. "ಬೀದೀಲಿ ಈಗ ನಡೀತಿರೋ ಮಗ್ಗ ಎಷ್ಟು ಸ್ವಾಮಿ?" ಅಂತ ಕೇಳಿದರು. ನಿನ್ನ ಭಾವ ಟವಲು ಬಿಚ್ಚಿ ಮತ್ತೆ ಕೈಗೆ ಸುತ್ತಿಕೊಂಡರು. ಮಹದೇವು ಚಾವಣಿ ನೋಡಿದ. ಇನ್ನು ಸುಮ್ಮನೆ ಕೂತರೆ ಆಗದು ಎಂದು ನಾನೇ ಎದ್ದು "ಮೂರು" ಅಂದೆ. "ಮೂರು ಮಗ್ಗಕ್ಕೆ ಇಷ್ಟು ದೊಡ್ಡ ಬಯಲು ಬೇಕೇನಮ್ಮಾ?" ಅಂದರು. ನನಗೆ ರೇಗಿತು. "ಮಗ್ಗ ಕಮ್ಮಿ ಆಯ್ತು ಅಂತ ಹಾಸು ಗಿಡ್ಡ ಆಯ್ತದಾ ಸಾ? ಒಂದ್ ಮಗ್ಗಕ್ಕೂ ಅಷ್ಟೇ ಉದ್ದ ಬೇಕು, ನೂರ್ ಮಗ್ಗಕ್ಕೂ ಅಷ್ಟೇ ಉದ್ದ ಬೇಕು" ಅಂದೆ. ಅಷ್ಟು ಜನರ ಮುಂದೆ ಮಾತಾಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಕೂತ ಮೇಲೆ ಮೇಘನಾ ಮೆಲ್ಲಗೆ ನನ್ನ ಮಂಡಿ ಒತ್ತಿ ಹಿಡಿದಳು.

ಮೇಡಂ ಏನೋ ಬರೆದುಕೊಂಡರು. ಪಕ್ಕದವರ ಜೊತೆ ಮಾತಾಡಿದರು. ಆಮೇಲೆ ಹೇಳಿದ್ದು ಹೀಗೆ. ಬಯಲು ಬಳಕೆಯಲ್ಲಿದೆಯೋ ಇಲ್ಲವೋ ಎಂಬುದೊಂದೇ ಪ್ರಶ್ನೆ. ಬಳಕೆಯಲ್ಲಿದ್ದರೆ ಹಸಿರಾಗಿಯೇ ಬಿಡಿ ಎಂದು ಶಿಫಾರಸು ಬರೆಯುತ್ತಾರೆ, ಇಲ್ಲದಿದ್ದರೆ ನೀಲಿಯ ಕಡತ ಮುಂದಕ್ಕೆ ಹೋಗುತ್ತದೆ. ಮತ್ತೊಂದು ಸಲ ಸ್ಥಳ ನೋಡಲು ಅವರೇ ಖುದ್ದು ಬರುತ್ತಾರೆ, ಡಿಸೆಂಬರಿನಲ್ಲಿ, ಯಾವತ್ತೋ ಒಂದು ಬೆಳಿಗ್ಗೆ. "ದಿನ ಹೇಳಲ್ಲ. ಹೇಳಿದ್ರೆ ನೀವು ಮತ್ತೆ ಶಾಮಿಯಾನ ಹಾಕ್ತೀರಿ" ಅಂದರು. ಈ ಸಲ ಅಲ್ಲಿದ್ದವರೆಲ್ಲ ನಕ್ಕರು, ನಾವೂ ನಕ್ಕೆವು. ಮನೆ ತಲುಪುವ ಹೊತ್ತಿಗೆ ನಗು ಇಳಿದಿತ್ತು.

ಏಕೆಂದರೆ ಲೆಕ್ಕ ನಿನಗೂ ಬರುತ್ತದೆ. ಒಂದು ಹಾಸು ಮಗ್ಗ ಏರಿದರೆ ತಿಂಗಳು ಕಳೆಯುತ್ತದೆ. ಮೂರು ಮಗ್ಗಕ್ಕೆ ತಿಂಗಳಲ್ಲಿ ಮೂರು ಬೆಳಿಗ್ಗೆ ಬಯಲು ತುಂಬುತ್ತದೆ, ಮಿಕ್ಕ ದಿನ ಅಲ್ಲಿ ಶಿವನಂಜಮ್ಮನ ಮೇಕೆ ಮೇಯುತ್ತದೆ. ಅಪ್ಪನ ಕಾಲದಲ್ಲಿ ಗೂಟಕ್ಕೆ ಸರದಿ ಹಿಡಿಯುತ್ತಿದ್ದರು, ನಸುಕಿಗೇ ಎದ್ದು ಹೋಗಿ ಜಾಗ ಕಾಯುತ್ತಿದ್ದೆವು, ನೆನಪಿದೆಯಾ? ಆಗಿದ್ದರೆ ಮೇಡಂ ಯಾವ ದಿನ ಬೇಕಾದರೂ ಬರಬಹುದಿತ್ತು. ಈಗ ಅವರು ಬಂದ ದಿನ ನಮ್ಮ ಹಾಸು ಇರಬೇಕಾದರೆ ಚೌಡಮ್ಮನೇ ಅವರ ಕ್ಯಾಲೆಂಡರು ಬರೆಯಬೇಕು. ಆ ಇನ್ಸ್‌ಪೆಕ್ಟರು ಬರೆದದ್ದು ಪೂರ್ತಿ ಸುಳ್ಳಲ್ಲವಲ್ಲ.

ಮತ್ತೆ ಜಗುಲಿಯಲ್ಲಿ ಸೇರಿದರು. ಮಹದೇವು ಒಂದು ಉಪಾಯ ತೆಗೆದ. "ಒಂದ್ ಹಳೇ ಹಾಸ್ ಅದಲ್ಲಾ, ಅದ್ನೇ ದಿನಾ ಬೆಳಿಗ್ಗ ಚಾಚಿ ಮಡಗನ. ಬಂದ್ ನೋಡ್ಕಂಡ್ ಓಗ್ಲಿ. ಅವ್ರಿಗೇನ್ ಗೊತ್ತಾದ್ದು?" ಅಂದ. ಕೆಲವರು ತಲೆಯಾಡಿಸಿದರು. ನನಗೂ ಒಂದು ಕ್ಷಣ ಆಗಬಹುದು ಅನಿಸಿತು. ನಿನ್ನ ಭಾವ "ಇರಾದ್ನ ಇಲ್ಲ ಅಂತ ತೋರ್ಸಿ ಕೆಟ್ವಿ. ಇಲ್ದಿರಾದ್ನ ಅದ ಅಂತ ತೋರ್ಸಿ ಉದ್ಧಾರ ಆಯ್ತೀವಾ? ನೇಯಾಕಿದ್ರ ಚಾಚಿ. ಇಲ್ದಿದ್ರ ಅಂಗ್ಡಿ ಕಟ್ಕಳ್ಳಿ ಬುಡಿ" ಅಂದು ಎದ್ದು ಒಳಗೆ ಹೋದರು. ಬೀದಿಯವರು ಒಬ್ಬೊಬ್ಬರಾಗಿ ಎದ್ದರು.

ಇಷ್ಟು ಇಲ್ಲಿಯ ಸಮಾಚಾರ. ನೀನೇನೋ ಮಾಡಬೇಕೆಂದು ಬರೆದದ್ದಲ್ಲ. ನಿನ್ನ ಪಾಡು ನಿನಗೆ, ಶೆಡ್ಡಿನಲ್ಲಿ ತಿಂಗಳು ತುಂಬಿದರೆ ಸಂಬಳ ಬರುತ್ತದೆ, ಅದು ಸಣ್ಣ ಮಾತಲ್ಲ. ನಮ್ಮ ಬಯಲು ನಮ್ಮ ಕೈಯಲ್ಲೇ ಹೇಗೆ ಜಾರಿತು ಎಂದು ಹೊರಗಿನವರಿಂದ ಕೇಳುವುದಕ್ಕಿಂತ ನನ್ನಿಂದ ಕೇಳಲಿ ಅನಿಸಿತು. ಎರಡು ದಿನದಿಂದ ಇಲ್ಲಿ ಜಿನುಗು ಮಳೆ, ಬಟ್ಟೆ ಒಣಗುವುದಿಲ್ಲ. ಯಳಂದೂರಿನ ಸಂಬಂಧಿಕರು ಮೇಘನಾಗೆ ಒಂದು ಗಂಡು ಹೇಳುತ್ತಿದ್ದಾರೆ. ಓದು ಮುಗಿಯಲಿ ಅಂತ ನಾನೇ ಹೇಳಿ ಕಳಿಸಿದ್ದೇನೆ, ನೀನು ಬೇರೆ ಮಾತಾಡಿ ನನ್ನ ಮಾತು ಕೆಡಿಸಬೇಡ. ನಿನ್ನ ಹೆಂಡತಿಗೆ ನನ್ನ ಆಶೀರ್ವಾದ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು, ಬಿಸಿನೀರು ಕುಡಿ. ಚೌಡಮ್ಮ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ಇಂತಿ ನಿನ್ನ ಅಕ್ಕ,
ವಿಜಯಮ್ಮ

ಮರೆತಿದ್ದೆ: ಇಲ್ಲ, ಮರೆತಿರಲಿಲ್ಲ, ಹೇಗೆ ಬರೆಯಲಿ ಅಂತ ಮುಂದಕ್ಕೆ ತಳ್ಳುತ್ತಾ ಬಂದೆ. ಮೇಘನಾ ಇದನ್ನು ಅಂಚೆ ಡಬ್ಬಿಗೆ ಹಾಕಲು ಹೊರಟು ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ನಿನ್ನೆ ಬೆಳಿಗ್ಗೆ ನಿನ್ನ ಭಾವ ಹಾರೆ ಹಿಡಿದು ಬಯಲಿಗೆ ಹೋದರು. ಕಿತ್ತ ಗೂಟಗಳನ್ನೆಲ್ಲ ಮತ್ತೆ ನೆಟ್ಟರು. ಎರಡು ಗೂಟ ಸಿಕ್ಕಿರಲಿಲ್ಲ, ಮನೆಮನೆ ಹುಡುಕಿದರು. ಒಂದು ಶಿವನಂಜಮ್ಮನ ಬಟ್ಟೆ ಒಣಗುವ ಹಗ್ಗಕ್ಕೆ ಆಸರೆಯಾಗಿತ್ತು, ಇನ್ನೊಂದು ಮಹದೇವುವಿನ ಸೌದೆಯಲ್ಲಿ. ಇದ್ಯಾರ್ದು ದೇವಣ್ಣ ಅಂತ ಮಹದೇವು ಕೇಳಿದ್ದಕ್ಕೆ "ದಿನೇಸಂದು" ಅಂದರು. ಎರಡು ವರ್ಷದ ಮೇಲೆ ನಿನ್ನ ಹೆಸರು ಅವರ ಬಾಯಲ್ಲಿ. ನಿನ್ನ ಮನೆಯ ಬೀಗ ತೆಗೆದು ಮಗ್ಗದ ಗುಂಡಿ ಗುಡಿಸಿದ್ದೇನೆ, ಇಲಿ ಏನನ್ನೂ ಮುಟ್ಟಿಲ್ಲ. ನೀನು ಮಗ್ಗ ಹೂಡಿದರೆ ತಾನೂ ಹೂಡುತ್ತೇನೆ ಎಂದು ಮಹದೇವುವಿನ ತಮ್ಮ ಹೇಳಿದ್ದಾನೆ, ಆಚೆ ಮನೆಯವರದ್ದೂ ಅದೇ ಮಾತು. ಎಲ್ಲರೂ ನಿನ್ನ ಮುಖ ನೋಡುತ್ತಿದ್ದಾರೆ. ಡಿಸೆಂಬರಿಗೆ ಬಂದು ಹಾಸು ತೋರಿಸಿ ಹಿಂತಿರುಗುವ ಹಾಗಿದ್ದರೆ ಬರಬೇಡ, ಆ ಲಿಖಿತಾ ಮೇಡಂಗೆ ನಾವು ಎರಡನೇ ಸಲ ಸುಳ್ಳು ತೋರಿಸಬಾರದು. ನೇಯುವುದಕ್ಕಾದರೆ ಬಾ. ನಿನ್ನ ಭಾವನಿಗೆ ಕೈ ನಡುಗುತ್ತದೆ, ಹಾಸು ಬಿಗಿ ನಿಲ್ಲುವುದಿಲ್ಲ. ಈ ತುದಿ ನಾನು ಹಿಡಿಯುತ್ತೇನೆ, ಆ ತುದಿಗೆ ಜನ ಇಲ್ಲ ಕಣೋ. ನಿನ್ನ ಭಾವ ತಪ್ಪಾಯಿತು ಅನ್ನುವವರಲ್ಲ, ಅದಕ್ಕೆ ಕಾಯಬೇಡ. ಆದರೆ ಇನ್ನು ಮೇಲೆ ಯಾರು ಬಂದರೂ ಹಾಸು ಸುತ್ತುವುದಿಲ್ಲ ಅಂತ ಬೀದಿಯವರು ತೀರ್ಮಾನ ಮಾಡಿದ್ದೇವೆ. ತೀರ್ಮಾನ ಹೇಳಿದವರು ನಿನ್ನ ಭಾವನೇ, ನಿನ್ನ ಗೂಟದ ಬುಡಕ್ಕೆ ಮಣ್ಣು ತುಳಿಯುತ್ತಾ. "ಸರ್ಕಾರಾದ್ರೂ ಸರಿ, ಬೈಕ್ನವ್ನಾದ್ರೂ ಸರಿ, ಬಳಸ್ಕಂಡ್ ಓಗ್ಲಿ" ಅಂದರು. ಅವರ ಬಾಯಲ್ಲಿ ಇದಕ್ಕಿಂತ ಹೆಚ್ಚು ಬರುವುದಿಲ್ಲ. ಇಷ್ಟು ಸಾಕಾದರೆ ಬಾ.